ಅಪ್ಪ-ಅಮ್ಮನ ಲ್ಯಾಪ್‌ಟಾಪ್: ದುಡ್ಡು ಪರದೆಗೆ, ಸಮಯ ಸೆಟ್ಟಿಂಗ್‌ಗೆ

ಅಪ್ಪ-ಅಮ್ಮನಿಗೆ ಲ್ಯಾಪ್‌ಟಾಪ್ ಕೊಡಿಸಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ಪರದೆಯಿಂದ ಶುರು ಮಾಡಿ ಎನ್ನುವುದು ನನ್ನ ಮಾತು. ವಿಡಿಯೋ ಕಾಲ್, ಬ್ಯಾಂಕಿನ ವ್ಯವಹಾರ, ಇಮೇಲ್, ಯೂಟ್ಯೂಬ್, ಪೇಪರ್ ಓದುವುದು, ಆಗೊಮ್ಮೆ ಈಗೊಮ್ಮೆ ಒಂದು ಪತ್ರ ಟೈಪ್ ಮಾಡಿ ಪ್ರಿಂಟ್ ತೆಗೆಯುವುದು. ಇಷ್ಟಕ್ಕೆ ಈಗಿನ ಸಾಧಾರಣ ಪ್ರೊಸೆಸರ್ ಧಾರಾಳ ಸಾಕು. ಮಂಕು ಪರದೆಯಾದರೆ ದಿನಾ ಕಣ್ಣಿಗೆ ತ್ರಾಸ.

ಅಗ್ಗದ ಮಾಡೆಲ್‌ಗಳಲ್ಲಿ ಇನ್ನೂ ಟಿಎನ್ ಎಂಬ ಅಗ್ಗದ ಬಗೆಯ ಪರದೆ ಹಾಕುತ್ತಾರೆ. ನೇರವಾಗಿ ಕೂತು ನೋಡಿದರೆ ಪರವಾಗಿಲ್ಲ. ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಸಾಕು, ಮುಖಗಳೆಲ್ಲ ಬಿಳಿಚಿಕೊಳ್ಳುತ್ತವೆ. ಇಬ್ಬರೂ ಒಟ್ಟಿಗೆ ಕೂತು ಮೊಮ್ಮಕ್ಕಳ ಜೊತೆ ಮಾತಾಡುವ ಮನೆಗೆ ಅದು ಬೇಡ. ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪ್ಯಾನೆಲ್, 15.6 ಇಂಚು, 1920×1080 ರೆಸಲ್ಯೂಶನ್, 250 ನಿಟ್ಸ್ ಬೆಳಕು ಇರಲೇಬೇಕು. 300 ನಿಟ್ಸ್ ಸಿಕ್ಕರೆ ಇನ್ನೂ ಒಳ್ಳೆಯದು. ಕನ್ನಡಿಯಂತೆ ಹೊಳೆಯುವ ಪರದೆಯಲ್ಲಿ ಕಿಟಕಿಯ ಬೆಳಕೆಲ್ಲ ಪ್ರತಿಫಲಿಸುತ್ತದೆ, ಮ್ಯಾಟ್ ಪರದೆಯನ್ನೇ ಆರಿಸಿ.

ಆಮೇಲೆ ರ‍್ಯಾಮ್ ಮತ್ತು ಸ್ಟೋರೇಜ್. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಇದಕ್ಕಿಂತ ಕೆಳಗೆ ಇಳಿಯಬೇಡಿ. ಪೆಟ್ಟಿಗೆಯ ಮೇಲೆ '64 ಜಿಬಿ ಇಎಂಎಂಸಿ' (ಎಸ್‌ಎಸ್‌ಡಿಗಿಂತ ನಿಧಾನವಾದ, ಅಗ್ಗದ ಸ್ಟೋರೇಜ್) ಅಂತ ಕಂಡರೆ ಅಲ್ಲೇ ಬಿಟ್ಟು ಬನ್ನಿ. ವಿಂಡೋಸ್ 11 ಕೇಳುವ ಕನಿಷ್ಠ ಜಾಗವೇ 64 ಜಿಬಿ. ವರ್ಷದೊಳಗೆ ಅಪ್‌ಡೇಟ್ ಇಳಿಸಿಕೊಳ್ಳಲು ಜಾಗವಿಲ್ಲದೆ ಒದ್ದಾಡುತ್ತದೆ, ಇಎಂಎಂಸಿಯನ್ನು ಬೋರ್ಡಿಗೇ ಬೆಸೆದಿರುವುದರಿಂದ ಬದಲಿಸಲೂ ಆಗದು. ಪ್ರೊಸೆಸರ್ ವಿಷಯದಲ್ಲಿ ಇಂಟೆಲ್ ಎನ್100, ಐ3-1215ಯು, ರೈಜನ್ 3 7320ಯು ಯಾವುದಾದರೂ ನಡೆಯುತ್ತದೆ. 7320ಯು ಇರುವ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಕೂಡ ಬೆಸೆದಿರುತ್ತದೆ, ಆದ್ದರಿಂದ 'ಈಗ 4 ಜಿಬಿ ಇರಲಿ, ಆಮೇಲೆ ಹೆಚ್ಚಿಸೋಣ' ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಎರಡೇ ಕೋರ್‌ಗಳ ಸೆಲೆರಾನ್ ಎನ್4020ರಂಥವು ಬೇಡವೇ ಬೇಡ. ವಿಡಿಯೋ ಕಾಲ್ ನಡೆಯುತ್ತಿರುವಾಗ ಇನ್ನೊಂದು ಟ್ಯಾಬ್ ತೆರೆದರೆ ಮಾತು ತುಂಡು ತುಂಡಾಗುತ್ತದೆ.

ಕಡಿಮೆ ಖರ್ಚಿನಲ್ಲಿ ಗಟ್ಟಿ ವಸ್ತು ಬೇಕೆಂದರೆ, ಕಚೇರಿಗಳಲ್ಲಿ ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್ ಅಥವಾ ಡೆಲ್ ಲ್ಯಾಟಿಟ್ಯೂಡ್ ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ಮೇಲು. ಕೀಬೋರ್ಡ್ ಚೆನ್ನಾಗಿರುತ್ತದೆ, ಬಿಚ್ಚಿ ರಿಪೇರಿ ಮಾಡಬಹುದು. ಮಾಡೆಲ್ ಹೆಸರು ನೋಡಿ ನಂಬಬೇಡಿ, ಪ್ರೊಸೆಸರ್‌ನ ನಂಬರ್ ನೋಡಿ. ಐ5-8250ಯು ಅಂದರೆ ಎಂಟನೇ ತಲೆಮಾರು, ಐ5-7200ಯು ಅಂದರೆ ಏಳನೆಯದು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದನ್ನೇ ಒಪ್ಪುತ್ತದೆ, ಆದ್ದರಿಂದ ಏಳನೆಯದು ಬೇಡ. ಕೊಳ್ಳುವ ಮುಂಚೆ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಪಾಸ್‌ವರ್ಡ್ ಇದೆಯೇ ಅಂತ ಸ್ಟಾರ್ಟ್ ಮಾಡಿ ನೋಡಿ. ವಿಂಡೋಸ್‌ನದೇ ಬ್ಯಾಟರಿ ರಿಪೋರ್ಟ್ ತೆಗೆಸಿ, ಈಗ ಪೂರ್ತಿ ಚಾರ್ಜ್ ಆದಾಗ ಹಿಡಿಯುವುದನ್ನು ಹೊಸದರಲ್ಲಿ ಹಿಡಿಯುತ್ತಿದ್ದುದಕ್ಕೆ ಹೋಲಿಸಿ. ಶೇ. 60ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನೂ ಸೇರಿಸಿಯೇ ಚೌಕಾಸಿ ಮಾಡಿ.

ಮನೆಯಲ್ಲಿ ಎಂಟನೇ ತಲೆಮಾರಿಗಿಂತ ಹಳೆಯ ಲ್ಯಾಪ್‌ಟಾಪ್ ಬಿದ್ದಿದ್ದರೆ ಎಸೆಯಬೇಡಿ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಇನ್‌ಸ್ಟಾಲ್ ಮಾಡಿ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಕೆಳಗೆ ಮೆನು, ಬಲಗಡೆ ಗಡಿಯಾರ, ವಿಂಡೋಸ್ ಬಳಸಿದವರಿಗೆ ಹೊಸದು ಅನ್ನಿಸುವುದಿಲ್ಲ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಶಬ್ದ, ಕ್ಯಾಮೆರಾ, ಪ್ರಿಂಟರ್, ಸ್ಕ್ಯಾನರ್ ಎಲ್ಲ ನೋಡಿಯೇ ಇನ್‌ಸ್ಟಾಲ್ ಮಾಡಿ. ಅಪ್ಪ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಾದರೆ ವಿಂಡೋಸ್‌ನಲ್ಲೇ ಉಳಿಯಿರಿ.

ಇನ್ನು ನಿಜವಾದ ಕೆಲಸ. ಲ್ಯಾಪ್‌ಟಾಪ್ ಅವರ ಕೈಗೆ ಹೋಗುವ ಮುಂಚೆ ಒಂದು ಮಧ್ಯಾಹ್ನ ನಿಮ್ಮ ಹತ್ತಿರ ಇರಬೇಕು. ಅದು ಅವರನ್ನು ಆದಷ್ಟು ಕಡಿಮೆ ಪ್ರಶ್ನೆ ಕೇಳುವಂತೆ ಮಾಡಬೇಕು, ಸೆಟ್ಟಿಂಗ್‌ನ ಉದ್ದೇಶವೇ ಅದು. 'ಯೆಸ್' ಒತ್ತಬೇಕೋ 'ನೋ' ಒತ್ತಬೇಕೋ ಗೊತ್ತಾಗದೆ ಕೂತವರು ಕೊನೆಗೆ ಯಾವುದೋ ಒಂದನ್ನು ಒತ್ತುತ್ತಾರೆ.

ಎರಡು ಖಾತೆ ಮಾಡಿ. ಅಡ್ಮಿನ್ ಖಾತೆ ನಿಮ್ಮದು, ದಿನಬಳಕೆಯ ಸ್ಟ್ಯಾಂಡರ್ಡ್ ಖಾತೆ ಅವರದು. ಆಗ ಅಡ್ಮಿನ್ ಅನುಮತಿ ಬೇಡುವ ಸಾಫ್ಟ್‌ವೇರ್ ನಿಮ್ಮ ಪಾಸ್‌ವರ್ಡ್ ಇಲ್ಲದೆ ಇನ್‌ಸ್ಟಾಲ್ ಆಗುವುದಿಲ್ಲ. ಲ್ಯಾಪ್‌ಟಾಪ್ ಜೊತೆಗೇ ಬಂದ, ಕೆಲವು ವಾರಗಳಷ್ಟೇ ಪುಕ್ಕಟೆಯಾದ ಆಂಟಿವೈರಸ್ ತೆಗೆದುಹಾಕಿ. ಅವಧಿ ಮುಗಿದ ಮೇಲೆ ಅದು ದಿನಾ 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ' ಎಂದು ಹೆದರಿಸುತ್ತದೆ. ವಿಂಡೋಸ್‌ನ ಸ್ವಂತ ಡಿಫೆಂಡರ್ ಮನೆಬಳಕೆಗೆ ಸಾಕು.

ಹೆದರಿಸುವ ಇನ್ನೊಂದು ಬಾಗಿಲು ಬ್ರೌಸರ್. ಪರದೆಯ ಕೆಳಗಿನ ಬಲಮೂಲೆಯಲ್ಲಿ 'ಐದು ವೈರಸ್ ಸಿಕ್ಕಿವೆ' ಎಂದು ಕೆಂಪು ಚೌಕ ಬರುತ್ತದಲ್ಲ, ಅದು ಬಹಳ ಸಲ ವೈರಸ್ಸೇ ಅಲ್ಲ. ಯಾವುದೋ ಸೈಟ್ ನೋಟಿಫಿಕೇಶನ್ ಕಳಿಸಲೇ ಎಂದು ಕೇಳಿದಾಗ 'ಅಲೋ' ಒತ್ತಿದ್ದರ ಫಲ. ಫಾರ್ಮ್ಯಾಟ್ ಮಾಡಬೇಕಾಗಿಲ್ಲ, ಬ್ರೌಸರ್ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ನೋಟಿಫಿಕೇಶನ್ ಪಟ್ಟಿ ತೆರೆದು ಆ ಸೈಟನ್ನು ಅಳಿಸಿದರೆ ನಿಂತುಹೋಗುತ್ತದೆ. ಹೊಸ ಸೈಟ್‌ಗಳು ಕೇಳದಂತೆಯೂ ಅಲ್ಲೇ ತಡೆಯಿರಿ. ಬ್ರೌಸರ್‌ಗೆ ನನ್ನ ಆಯ್ಕೆ ಫೈರ್‌ಫಾಕ್ಸ್, ಜೊತೆಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಸಾಫ್ಟ್‌ವೇರ್ ಹುಡುಕುವಾಗ ಕಾಣುವ ನಕಲಿ 'ಡೌನ್‌ಲೋಡ್' ಬಟನ್‌ಗಳೂ ಇದರಿಂದ ಬಹುಪಾಲು ಮಾಯವಾಗುತ್ತವೆ. ಪತ್ರ, ಲೆಕ್ಕಕ್ಕೆ ಲಿಬ್ರೆ ಆಫೀಸ್, ವಿಡಿಯೋಗೆ ವಿಎಲ್‌ಸಿ, ಇಷ್ಟು ಸಾಕು.

ಅಕ್ಷರ ದೊಡ್ಡದಾಗಿ ಕಾಣಲು ಡಿಸ್‌ಪ್ಲೇ ಸ್ಕೇಲ್ ಶೇ. 125 ಅಥವಾ 150ಕ್ಕೆ ಏರಿಸಿ, ಮೌಸ್‌ನ ಬಾಣವನ್ನು ದೊಡ್ಡದು ಮಾಡಿ. ಒಂದು ಸಾದಾ ಮೌಸ್ ಕೊಡಿಸಿ. ಒಣಗಿದ ಬೆರಳಿಗೆ ಟಚ್‌ಪ್ಯಾಡ್ ಸರಿಯಾಗಿ ಓಗೊಡುವುದಿಲ್ಲ, ಮೂರು ಬೆರಳು ತಾಗಿದರೆ ಇದ್ದ ಕಿಟಕಿಯೆಲ್ಲ ಮಾಯವಾಗುತ್ತದೆ; ಆ ಗೆಸ್ಚರ್‌ಗಳನ್ನು ಆಫ್ ಮಾಡಿ. ಕನ್ನಡ ಟೈಪಿಂಗ್‌ಗೆ ವಿಂಡೋಸ್‌ನಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡ್ ಸೇರಿಸಿ, ಮಿಂಟ್‌ನಲ್ಲಿ ಕಗಪ ವಿನ್ಯಾಸವೇ ಸಿಗುತ್ತದೆ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುವುದನ್ನು ತೋರಿಸಿಕೊಡಿ. 'ಇಂಗ್ಲಿಷ್ ಬರ್ತಾನೇ ಇಲ್ಲ' ಎಂಬ ಫೋನ್ ಬಂದರೆ ಬಹುತೇಕ ಅಲ್ಲೇ ಕೈ ತಾಗಿರುತ್ತದೆ. ಕ್ಯಾಮೆರಾ ಕಪ್ಪಾಗಿದೆ ಎಂದರೆ ಅದರ ಮೇಲಿನ ಪುಟ್ಟ ಮುಚ್ಚಳ ಮುಚ್ಚಿಕೊಂಡಿದೆಯೇ ಕೇಳಿ.

ಸದಾ ಚಾರ್ಜರ್‌ನಲ್ಲೇ ಇರುವ ಲ್ಯಾಪ್‌ಟಾಪ್‌ನ ಬ್ಯಾಟರಿ ಬೇಗ ಕೆಡುತ್ತದೆ, ಕೆಲವೊಮ್ಮೆ ಉಬ್ಬಿ ಟಚ್‌ಪ್ಯಾಡನ್ನೇ ಮೇಲೆತ್ತುತ್ತದೆ. ತಯಾರಕರ ಆಪ್‌ನಲ್ಲಿ ಚಾರ್ಜ್ ಮಿತಿ ಇದ್ದರೆ ಶೇ. 80ಕ್ಕೆ ಇಡಿ.

ದೂರದಿಂದ ಸಹಾಯ ಮಾಡಲು ವಿಂಡೋಸ್‌ನದೇ ಕ್ವಿಕ್ ಅಸಿಸ್ಟ್ ಇದೆ. ಬೇರೆ ರಿಮೋಟ್ ಆಪ್ ಹಾಕಿ ಬಿಡಬೇಡಿ, ವಂಚಕರು ಫೋನ್ ಮಾಡಿ ತೆರೆಯಲು ಹೇಳುವುದು ಅಂಥವನ್ನೇ. ಅಡ್ಮಿನ್ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಕ್ವಿಕ್ ಅಸಿಸ್ಟ್‌ನಲ್ಲಿ ನಿಮ್ಮ ಕಡೆ ಪರದೆ ಕಪ್ಪಾಗುತ್ತದೆ, ಆ ಕೆಲಸಗಳನ್ನು ಊರಿಗೆ ಹೋದಾಗಲೇ ಮುಗಿಸಿ. ಅದರಲ್ಲಿ ಕೋಡ್ ಬರುವುದು ಸಹಾಯ ಮಾಡುವ ನಿಮ್ಮ ಕಡೆ, ಅದನ್ನು ಹಾಕುವುದು ಅವರು; ನೀವು ಹೇಳಿದ ಕೋಡನ್ನು ಮಾತ್ರ ಹಾಕಬೇಕು, ಅದೂ ಅವರೇ ನಿಮಗೆ ಫೋನ್ ಮಾಡಿದಾಗ ಮಾತ್ರ ಎಂದು ಸ್ಪಷ್ಟವಾಗಿ ಹೇಳಿ.

ಕೊನೆಯದಾಗಿ, ಎನ್‌ಕ್ರಿಪ್ಶನ್, ಅಂದರೆ ಕೀ ಇಲ್ಲದೆ ಓದಲಾಗದಂತೆ ಡಿಸ್ಕನ್ನು ಲಾಕ್ ಮಾಡುವುದು. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಮಾಡಿದರೆ ಡಿಸ್ಕ್ ಎಷ್ಟೋ ಸಲ ತಾನಾಗಿಯೇ ಲಾಕ್ ಆಗಿರುತ್ತದೆ. ಬೋರ್ಡ್ ರಿಪೇರಿಯಾದಾಗಲೋ ಬಯಾಸ್ ಅಪ್‌ಡೇಟ್ ಆದಾಗಲೋ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಆ ಖಾತೆಯಲ್ಲಿ ಇರುತ್ತದೆ, ಆದರೆ ಖಾತೆಯ ಪಾಸ್‌ವರ್ಡ್ ಮರೆತಿದ್ದರೆ ಫೋಟೋಗಳೆಲ್ಲ ಹೋದಂತೆಯೇ. ಇವತ್ತೇ ಆ ಅಂಕಿಗಳನ್ನು ಎರಡು ಪ್ರತಿ ಪ್ರಿಂಟ್ ತೆಗೆದು, ಒಂದನ್ನು ಅವರ ಬೀರುವಿನಲ್ಲಿ ಬ್ಯಾಂಕ್ ಪಾಸ್‌ಬುಕ್ ಜೊತೆ ಇಡಿ, ಇನ್ನೊಂದು ನಿಮ್ಮ ಹತ್ತಿರ ಇರಲಿ.