ಮನೆಮಂದಿಯೇ ಪಾಲುದಾರರಾದಾಗ ಯಾರ ಅನುಭವ ಯಾವ ಕೆಲಸಕ್ಕೆ

ಶಾಲೆ ಕಾಲೇಜುಗಳಿಗೆ ಕಂಪ್ಯೂಟರ್ ಲ್ಯಾಬ್, ಸಾಫ್ಟ್‌ವೇರ್, ಶಿಕ್ಷಕರ ತರಬೇತಿಯ ಬಗ್ಗೆ ಸಲಹೆ ಕೊಡುವ ಸಣ್ಣ ಸಂಸ್ಥೆಗಳಲ್ಲಿ ಎಷ್ಟೋ ಒಂದೇ ಮನೆಯವರದು. ನಿವೃತ್ತ ಮುಖ್ಯೋಪಾಧ್ಯಾಯಿನಿ ಅಮ್ಮ, ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ದುಡಿದ ಅಪ್ಪ, ಸಾಫ್ಟ್‌ವೇರ್ ಕಂಪನಿ ಬಿಟ್ಟು ಬಂದ ಮಗಳು, ಲೆಕ್ಕಪತ್ರ ಬಲ್ಲ ಅಳಿಯ. ತಂಡ ಒಳ್ಳೆಯದೇ. ಆದರೆ ಇವರ ಪರಿಚಯದ ಪುಟ ತೆರೆದರೆ ನಾಲ್ವರ ಸರ್ವೀಸನ್ನೂ ಕೂಡಿಸಿ ‘90 ವರ್ಷಗಳ ಅನುಭವ’ ಎಂದಿರುತ್ತದೆ. ಓದುವ ಪ್ರಿನ್ಸಿಪಾಲರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅವರಿಗೆ ಬೇಕಾದ್ದು ಇಷ್ಟೇ: ಯುಪಿಎಸ್ ಕೈಕೊಟ್ಟರೆ ಯಾರಿಗೆ ಫೋನ್ ಮಾಡಬೇಕು, ಟೈಮ್‌ಟೇಬಲ್ ಹೊಂದದಿದ್ದರೆ ಯಾರ ಹತ್ತಿರ ಕೂರಬೇಕು, ಬಿಲ್ಲಿನಲ್ಲಿ ತಕರಾರು ಬಂದರೆ ಯಾರು ಉತ್ತರ ಕೊಡುತ್ತಾರೆ.

ಹಾಗಾಗಿ ಒಬ್ಬೊಬ್ಬರ ಹಿನ್ನೆಲೆಯನ್ನೂ ಅವರು ಹೊಣೆ ಹೊತ್ತು ಸಹಿ ಹಾಕಬಲ್ಲ ಕೆಲಸಕ್ಕೆ ಕಟ್ಟಿ ಬರೆಯಬೇಕು. ‘ಶಿಕ್ಷಣ ಕ್ಷೇತ್ರದಲ್ಲಿ ಅಪಾರ ಅನುಭವ’ ಎನ್ನುವ ಬದಲು ‘ಅನುದಾನಿತ ಪ್ರೌಢಶಾಲೆಯಲ್ಲಿ ಇಷ್ಟು ವರ್ಷ ಗಣಿತ, ಕೊನೆಯ ಇಷ್ಟು ವರ್ಷ ಆಡಳಿತ; ವೇಳಾಪಟ್ಟಿ, ಶಿಕ್ಷಕರ ತರಬೇತಿ, ದಾಖಲಾತಿ ಕಡತಗಳ ಹೊಣೆ’ ಎಂದರೆ ಸಾಕು.

ಲ್ಯಾಬಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. 20 ಡೆಸ್ಕ್‌ಟಾಪ್‌ಗಳು, ಮಾನಿಟರ್ ಸೇರಿ ಒಂದಕ್ಕೆ ಸುಮಾರು 100 ವ್ಯಾಟ್ ಎಂದರೆ ಒಟ್ಟು 2000 ವ್ಯಾಟ್. ಪವರ್ ಫ್ಯಾಕ್ಟರ್ 0.8 ಹಿಡಿದು ಭಾಗಿಸಿದರೆ ಯುಪಿಎಸ್ ಅಳತೆಯಲ್ಲಿ 2.5 ಕೆವಿಎ. 3 ಕೆವಿಎ ಯುಪಿಎಸ್ ಹೊರುತ್ತದೆ, ಆದರೆ ಮುಂದಿನ ವರ್ಷ ಐದು ಮಷೀನು ಸೇರಿಸಿದರೆ ಅಲ್ಲಿಗೆ ಮುಗಿಯಿತು. 5 ಕೆವಿಎ ಹಾಕಿಸುವುದು ಮೇಲು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಕೊಡಬಾರದು. ಅದರ ಹೀಟರ್ ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಯುಪಿಎಸ್ ಓವರ್‌ಲೋಡ್ ಆಗಿ ಇಡೀ ಲ್ಯಾಬ್ ಒಮ್ಮೆಗೇ ಆರುತ್ತದೆ. ಮಷೀನುಗಳೆಲ್ಲ ಓಡುತ್ತಿರುವಾಗ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೀಟರ್ ಹಿಡಿದು ನೋಡಬೇಕು. 2-3 ವೋಲ್ಟ್ ದಾಟಿದರೆ ಮೊದಲು ನ್ಯೂಟ್ರಲ್ ಜಾಯಿಂಟು, ಅರ್ತ್ ಪಿಟ್ ನೋಡಿಸಿ, ಆಮೇಲೆ ಮಷೀನು ಇಳಿಸಬೇಕು. ನೆಟ್‌ವರ್ಕ್ ಕೇಬಲ್ ಗೋಡೆಯೊಳಗೆ 90 ಮೀಟರ್, ಎರಡೂ ತುದಿಯ ಸಣ್ಣ ಜೋಡಣೆ ಕೇಬಲ್ (ಪ್ಯಾಚ್ ಕಾರ್ಡ್) ಸೇರಿ 100 ಮೀಟರ್ ಮೀರಬಾರದು. ಎರಡನೇ ಬ್ಲಾಕಿನ ಆಫೀಸಿಗೆ ‘ಹೇಗೋ ಎಳೆದುಬಿಡಿ’ ಎಂದ ಕಡೆಯೆಲ್ಲ ಮಧ್ಯಾಹ್ನಕ್ಕೆ ನೆಟ್ ಹೋಗುತ್ತದೆ. ಇಷ್ಟೆಲ್ಲ ಅಪ್ಪನ ಪಾಲಿನದು. ಬಿ.ಇ. ಕಂಪ್ಯೂಟರ್ ಸೈನ್ಸ್ ಮಾಡಿದ ಮಗಳಿಗೂ ಇದು ಬರುತ್ತದೆ ಎಂದುಕೊಳ್ಳುವುದು ಗಿರಾಕಿಗಳ ತಪ್ಪು ಕಲ್ಪನೆ. ಪರಿಚಯದ ಪುಟ ಅದನ್ನು ಬೆಳೆಸಬಾರದು.

ಇನ್ನು ಅಮ್ಮ ಬಲ್ಲದ್ದು ಬೇರೆಯೇ. 40 ನಿಮಿಷದ ಪೀರಿಯಡ್ಡಿನಲ್ಲಿ ಮಕ್ಕಳು ತರಗತಿಯಿಂದ ಸಾಲಾಗಿ ಬಂದು ಚಪ್ಪಲಿ ಬಿಟ್ಟು ಕೂರಲು 5 ನಿಮಿಷ. ಆರನೇ ತರಗತಿಯವರಿಗೆ ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಟ್ಟರೆ ಲಾಗಿನ್ ಆಗಲು ಇನ್ನೊಂದು 7-8 ನಿಮಿಷ, ಮುಚ್ಚಿ ಏಳಲು 5. ಕಲಿಕೆಗೆ ಉಳಿದದ್ದು 22. ಐವತ್ತು ಮಕ್ಕಳಿಗೆ 20 ಮಷೀನು ಎಂದರೆ ಒಂದರ ಮುಂದೆ ಎರಡು ಮೂರು ಮಂದಿ. ಕೀಬೋರ್ಡ್ ಹಿಡಿದವನು ಬಿಡುವುದಿಲ್ಲ. ಎರಡು ಪೀರಿಯಡ್ ಜೋಡಿಸಿ, ತರಗತಿಯನ್ನು ಎರಡು ತಂಡ ಮಾಡಿ, ಒಂದು ತಂಡಕ್ಕೆ ಲ್ಯಾಬಿನಲ್ಲಿ ಕೆಲಸ, ಇನ್ನೊಂದಕ್ಕೆ ತರಗತಿಯಲ್ಲೇ ಬರವಣಿಗೆ ಎಂದು ಹಂಚಿದರೆ ಅದೇ 20 ಮಷೀನು ಸಾಕಾಗುತ್ತದೆ. ಈ ಮಾತು ಸಾಫ್ಟ್‌ವೇರ್ ಎಂಜಿನಿಯರ್ ಬಾಯಲ್ಲಿ ಬಂದರೆ ಸ್ಟಾಫ್ ರೂಮು ಕೇಳುವುದಿಲ್ಲ. ಪಾಠ ಮಾಡಿದವರು ಹೇಳಿದರೆ ಕೇಳುತ್ತದೆ.

ಅಮ್ಮ, ಮಗಳು ಇಬ್ಬರ ಹಿನ್ನೆಲೆಯೂ ಒಟ್ಟಿಗೆ ಬೇಕಾಗುವ ಜಾಗ ಶಾಲಾ ಕಚೇರಿ. ಹಳೆಯ ದಾಖಲೆಗಳೆಲ್ಲ, ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೀಚುಗೀಚು, ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲಾಗದು. ಪರಿವರ್ತಕ ಹಾಕಿ ಯುನಿಕೋಡ್‌ಗೆ ತಂದಾಗ ಹೆಚ್ಚು ಕೆಡುವುದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪಾರ್ವತಿ, ಸೂರ್ಯ, ವರ್ಷಾ, ಧರ್ಮೇಂದ್ರರಂಥ ಹೆಸರುಗಳನ್ನು ಮೊದಲು ತೆಗೆದು ನೋಡಬೇಕು. ಅವು ಸರಿಯಿದ್ದರೆ ಉಳಿದವೂ ಬಹುತೇಕ ಸರಿ. ಮುಂದಿನ ತೊಡಕು ಇನಿಷಿಯಲ್. ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಮುಂದೆ, ಆಧಾರ್‌ನಲ್ಲಿ ಹಿಂದೆ ಅಥವಾ ಬಿಡಿಸಿ ಬರೆದದ್ದು. ವಿದ್ಯಾರ್ಥಿಯ ಶಾಶ್ವತ ಗುರುತಿನ ಸಂಖ್ಯೆಯಾದ ಅಪಾರ್ ಐಡಿ ಮಾಡುವಾಗ ಹೆಸರು ಆಧಾರ್‌ಗೆ ಹೊಂದಲೇಬೇಕು, ಇಲ್ಲದಿದ್ದರೆ ಸಿಗುವುದಿಲ್ಲ. ಮಗಳು ಹೊಂದಾಣಿಕೆಯಾಗದ ಹೆಸರುಗಳ ಪಟ್ಟಿ ತೆಗೆದುಕೊಡಬಹುದು. ಯಾವುದನ್ನು ದಾಖಲಾತಿ ರಿಜಿಸ್ಟರ್ ನೋಡಿ ತಿದ್ದಬೇಕು, ಯಾವುದಕ್ಕೆ ಪೋಷಕರನ್ನು ಕರೆಸಬೇಕು ಎಂಬುದು ಅಮ್ಮನ ತೀರ್ಮಾನ. ಈ ಪಟ್ಟಿಯನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕುವ ಚಾಳಿ ಮನೆಮಂದಿಯ ಸಂಸ್ಥೆಗಳಲ್ಲಿ ಬೇಗ ಹತ್ತುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ; ಅವರ ಮಾಹಿತಿ ಹೀಗೆ ಹರಿದಾಡಬಾರದು.

ಬರೆದದ್ದಕ್ಕೆ ಆಧಾರ ಬೇಕು. ಪದವಿ ಪ್ರಮಾಣಪತ್ರ ಡಿಜಿಲಾಕರ್‌ನಲ್ಲಿ ಸಿಕ್ಕರೆ ಅಲ್ಲಿಂದಲೇ, ಹಿಂದಿನ ಕೆಲಸಕ್ಕೆ ಅನುಭವ ಪತ್ರ ಮತ್ತು ರಿಲೀವಿಂಗ್ ಲೆಟರ್, ಪತ್ರ ಕಳೆದಿದ್ದರೆ ಭವಿಷ್ಯ ನಿಧಿಯ ಸೇವಾ ವಿವರ ಅಥವಾ ಆ ವರ್ಷಗಳ ಫಾರ್ಮ್ 16. ಗೌರವ ಡಾಕ್ಟರೇಟ್ ಬಂದವರು ಹೆಸರಿನ ಮುಂದೆ ‘ಡಾ.’ ಹಾಕಿಕೊಳ್ಳುವುದನ್ನು ಟೆಂಡರ್ ಕಡತದಲ್ಲಂತೂ ಬಿಡಬೇಕು.

ಟೆಂಡರಿನ ಮಾತು ಬಂತು. ಹೊಸ ಸಂಸ್ಥೆಗಳು ಎಡವುವುದು ಇಲ್ಲೇ. ಸರ್ಕಾರಿ ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ ಕೇಳುವುದು ಸಂಸ್ಥೆಯ ಅನುಭವ: ಸಂಸ್ಥೆಯ ಹೆಸರಿನ ವರ್ಕ್ ಆರ್ಡರ್, ಕೆಲಸ ಮುಗಿದ ಪ್ರಮಾಣಪತ್ರ, ಸಿಎ ಸಹಿಯ ವಹಿವಾಟು ಪತ್ರ. ಮಗಳು ಹಿಂದಿನ ಕಂಪನಿಯಲ್ಲಿ ನೂರು ಕಾಲೇಜುಗಳಿಗೆ ಸಾಫ್ಟ್‌ವೇರ್ ಕೊಟ್ಟಿದ್ದರೂ ಅದು ಆ ಕಂಪನಿಯ ಲೆಕ್ಕ. ಅವಳ ಅನುಭವಕ್ಕೆ ಅಂಕ ಸಿಗುವುದು ‘ಪ್ರಮುಖ ಸಿಬ್ಬಂದಿ’ ಎಂಬ ಕಾಲಂ ಇದ್ದರೆ ಮಾತ್ರ. ಮೊದಲ ಎರಡು ಮೂರು ವರ್ಷ ಖಾಸಗಿ ಶಾಲೆಗಳ ಸಣ್ಣ ಕೆಲಸ ಹಿಡಿದು, ಪ್ರತಿಯೊಂದಕ್ಕೂ ಲೆಟರ್‌ಹೆಡ್‌ನಲ್ಲಿ ಮುಗಿಸಿದ ಪತ್ರ ಬರೆಸಿಕೊಳ್ಳುವುದೇ ದಾರಿ. ಬಾಯಿಮಾತಿನ ‘ಚೆನ್ನಾಗಿ ಮಾಡಿದ್ರಿ ಸಾರ್’ ಯಾವ ಕಡತಕ್ಕೂ ಸೇರುವುದಿಲ್ಲ.

ಹಿಂದಿನ ಕಂಪನಿಯಿಂದ ಬಂದವರು ಗಿರಾಕಿಗಳ ಪಟ್ಟಿ, ಕೋಡ್, ತರಬೇತಿಯ ಸ್ಲೈಡುಗಳನ್ನು ತರಬಾರದು. ಕೆಲಸ ಬಿಟ್ಟ ಮೇಲೂ ಅದೇ ವೃತ್ತಿ ಮಾಡಬಾರದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನಡಿ ನಿಲ್ಲುವುದಿಲ್ಲ. ಗೋಪ್ಯತೆಯ ಷರತ್ತು ಮಾತ್ರ ನಿಲ್ಲುತ್ತದೆ.

ಯಾರು ಪಾಲುದಾರರಾಗಬಾರದು ಎಂಬುದೂ ಹಿನ್ನೆಲೆಯ ಪ್ರಶ್ನೆಯೇ. ಸೇವೆಯಲ್ಲಿರುವ ಸರ್ಕಾರಿ ಉಪನ್ಯಾಸಕರು ನಡತೆ ನಿಯಮಗಳ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ವ್ಯಾಪಾರಕ್ಕೆ ಇಳಿಯುವಂತಿಲ್ಲ. ‘ಹೆಸರಿಗೆ ಹೆಂಡತಿ, ಕೆಲಸಕ್ಕೆ ಗಂಡ’ ಎಂಬ ಏರ್ಪಾಡು ಗೊತ್ತಾಗದೆ ಉಳಿಯುವುದಿಲ್ಲ, ಏಕೆಂದರೆ ಗಿರಾಕಿಗಳೂ ಅದೇ ಇಲಾಖೆಯ ವಲಯದವರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನಾ ತಂಡಗಳಲ್ಲಿ ಹೋಗಿಬರುವವರು ಕಾಲೇಜುಗಳಿಗೆ ನ್ಯಾಕ್ ಸಿದ್ಧತೆಯ ಸಲಹೆಗಾರರಾಗಿ ಕಾಣಿಸಿಕೊಳ್ಳುವುದೂ ಸಲ್ಲ.

ಪಾಲುದಾರಿಕೆ ಪತ್ರದಲ್ಲಿ ಯಾರು ಕೆಲಸ ಮಾಡುವ ಪಾಲುದಾರರು, ಯಾರು ಬರೀ ಬಂಡವಾಳ ಹಾಕಿದವರು ಎಂದು ಬಿಡಿಸಿ ಬರೆಯಬೇಕು. ಆದಾಯ ತೆರಿಗೆಯಲ್ಲಿ ಪಾಲುದಾರರ ಸಂಬಳವನ್ನು ಖರ್ಚೆಂದು ಕಳೆಯಲು ಬಿಡುವುದು ಕೆಲಸ ಮಾಡುವವರಿಗೆ ಕೊಟ್ಟದ್ದಕ್ಕೆ ಮಾತ್ರ. ಸಂಸ್ಥೆಯನ್ನು ನೋಂದಾಯಿಸದಿದ್ದರೆ ದಂಡವೇನಿಲ್ಲ, ಆದರೆ 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನಿಂದಾಗಿ ಫೀಸು ಕೊಡದ ಆಡಳಿತ ಮಂಡಳಿಯ ಮೇಲೆ ದಾವೆ ಹೂಡಲಾಗುವುದಿಲ್ಲ. ಗಂಡ ಹೆಂಡತಿ ಇಬ್ಬರದೇ ಸಂಸ್ಥೆಯಾದರೆ ಒಬ್ಬರು ತೀರಿಕೊಂಡಾಗ ಪಾಲುದಾರಿಕೆಯೇ ಉಳಿಯುವುದಿಲ್ಲ. ಮೂರನೆಯವರು ಇದ್ದು, ಪತ್ರದಲ್ಲಿ ಮುಂದುವರಿಕೆಯ ಷರತ್ತು ಇದ್ದರೆ ಉಳಿಯುತ್ತದೆ. ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆ) ಈ ತೊಂದರೆ ಕಡಿಮೆ, ಹೊಣೆಗೂ ಮಿತಿಯಿದೆ. ಆದರೆ ಮೇ 30ಕ್ಕೆ ವಾರ್ಷಿಕ ವರದಿಯ ಫಾರ್ಮ್ 11, ಅಕ್ಟೋಬರ್ 30ಕ್ಕೆ ಲೆಕ್ಕಪತ್ರದ ಫಾರ್ಮ್ 8 ತಪ್ಪದೆ ಹಾಕಬೇಕು. ಅಳಿಯನ ಹೆಸರಿನ ಮುಂದೆ ಈ ಎರಡು ತಾರೀಖು ಬರೆದಿಡಿ.

ಬಿಲ್ಲೂ ಅವನದೇ. ಸಲಹೆಗೆ ಜಿಎಸ್‌ಟಿ ಶೇ. 18. ಶಾಲೆಗೆ ಅದು ಮರಳಿ ಸಿಗದ ಕಾರಣ ದರ ಹೇಳುವಾಗಲೇ ತೆರಿಗೆ ಸೇರಿಸಿ ಹೇಳುವುದು ಒಳ್ಳೆಯದು. ಮೂಲದಲ್ಲೇ ತೆರಿಗೆ ಕಡಿತ (ಟಿಡಿಎಸ್) ವೃತ್ತಿಪರ ಸೇವೆಗೆ ಶೇ. 10, ತಾಂತ್ರಿಕ ಸೇವೆಗೆ ಶೇ. 2, ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಶಾಲೆಯ ಗುಮಾಸ್ತರು ಪೂರ್ತಿ ಮೊತ್ತಕ್ಕೆ 10 ಹಿಡಿದುಬಿಡುತ್ತಾರೆ.

ಕೊನೆಗೆ ಫೋಟೋಗಳ ವಿಷಯ. ಪ್ರೊಫೆಸರಾಗಿದ್ದ ಮಾವನವರ ಹೆಸರಿಗೆ ತೂಕವಿದೆಯೆಂದು ಅವರ ಒಪ್ಪಿಗೆಯಿಂದಲೇ ‘ಪಾಲುದಾರರು’ ಎಂದು ಪುಟದಲ್ಲಿ ಹಾಕಿದರೆ, ಪತ್ರದಲ್ಲಿ ಅವರ ಹೆಸರಿಲ್ಲದಿದ್ದರೂ ಅದನ್ನು ನಂಬಿ ಸಾಲ ಕೊಟ್ಟವರಿಗೆ ಅವರೂ ಹೊಣೆಯಾಗುತ್ತಾರೆ. ಪಾಲುದಾರಿಕೆ ಕಾಯ್ದೆಯ 28ನೇ ಕಲಮು ಹೇಳುವುದು ಅದನ್ನೇ. ‘ಮಾರ್ಗದರ್ಶಕರು’ ಎಂದು ಬೇರೆ ಸಾಲಿನಲ್ಲಿ ಹಾಕಿ. ಯಾರಾದರೂ ಪಾಲು ಬಿಟ್ಟು ಹೋದರೆ ಪುಟದಿಂದ ಹೆಸರು ತೆಗೆದರಷ್ಟೇ ಸಾಲದು. ನೋಂದಾಯಿತ ಸಂಸ್ಥೆಯಾದರೆ ನೋಂದಣಾಧಿಕಾರಿಗೆ ತಿಳಿಸಿ, ರಾಜ್ಯಪತ್ರದಲ್ಲೂ ಸಂಸ್ಥೆಯಿರುವ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಅಲ್ಲಿಯವರೆಗೆ ಅವರನ್ನು ಪಾಲುದಾರರೆಂದೇ ತಿಳಿದು ವ್ಯವಹರಿಸಿದವರ ಬಾಕಿಗೆ ಅವರ ಹೊಣೆ ತಪ್ಪುವುದಿಲ್ಲ.