ಲೋಟದೊಳಗಿನ ಕಿಟಕಿ

ಪಾತ್ರೆ ಅಂಗಡಿಗಳಿಗೆ ಕ್ಯಾಟಲಾಗ್ ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು. ಸ್ಟೀಲ್ ಚೊಂಬಿನ ಮುಂದೆ ಕ್ಯಾಮೆರಾ ಇಟ್ಟರೆ ಸಾಕು, ಅದರ ಹೊಟ್ಟೆಯಲ್ಲಿ ನಾನು, ನನ್ನ ಟ್ರೈಪಾಡು, ಟ್ಯೂಬ್‌ಲೈಟು, ಗೋಡೆಯ ಕ್ಯಾಲೆಂಡರು ಎಲ್ಲವೂ ಹಾಜರ್.

ಮೊದಲ ದೊಡ್ಡ ಆರ್ಡರ್ ಬಂದಾಗ ಈ ರಗಳೆಯೇ ಬೇಡವೆಂದು ಹೊಳಪು ಮಂಕಾಗಿಸುವ ಸ್ಪ್ರೇ ಹೊಡೆದೆ. ಸುತ್ತಲೂ ಬಿಳಿ ಬಟ್ಟೆ ಕಟ್ಟಿದೆ. ಆಮೇಲೂ ಉಳಿದದ್ದನ್ನು ಎರಡು ರಾತ್ರಿ ಕೂತು ಫೋಟೋಶಾಪ್‌ನಲ್ಲಿ ಒರೆಸಿದೆ. ಅಂಗಡಿಯ ಗಲ್ಲಾದ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಾಗ ಮಾಲೀಕರ ತಾಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಏನಪ್ಪಾ, ನಾವು ಅಲ್ಯೂಮಿನಿಯಂ ಯಾವಾಗಿಂದ ಮಾರ್ತಿದೀವಿ?”

ಅಜ್ಜಿ ಹೇಳಿದ್ದು ನಿಜವಾಗಿತ್ತು. ಆರ್ಡರ್ ಕೈತಪ್ಪಲಿಲ್ಲ, ಆದರೆ ಎಲ್ಲವನ್ನೂ ಮತ್ತೆ ತೆಗೆಯಬೇಕಾಯಿತು.

ಚಿತ್ರಕಲೆ ಓದಿದ ಗೆಳೆಯನ ಮುಂದೆ ಗೋಳು ತೋಡಿಕೊಂಡೆ. ಅವನು ಒಂದು ಲಿಂಕ್ ಕಳಿಸಿದ, ಜೊತೆಗೆ “ಜೂಮ್ ಮಾಡಿ ನೋಡು” ಅಂತ ಎರಡೇ ಮಾತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ತನ್ನ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಪುಕ್ಕಟೆಯಾಗಿ ನೋಡಲು ಕೊಡುತ್ತದೆ. ಅವನು ಕಳಿಸಿದ್ದು ನೆದರ್ಲೆಂಡ್ಸಿನ ಹಾರ್ಲೆಮ್ ಊರಿನ ಚಿತ್ರಕಾರ ವಿಲ್ಲೆಮ್ ಕ್ಲಾಸ್‌ಜೂನ್ ಹೇಡಾ 1635ರಲ್ಲಿ ಬರೆದ ಸ್ಟಿಲ್ ಲೈಫ್, ಅಂದರೆ ಜೋಡಿಸಿಟ್ಟ ವಸ್ತುಗಳ ಚಿತ್ರ. ಚಿನ್ನದ ಲೇಪದ ಪಾನಪಾತ್ರೆ, ಉರುಳಿಬಿದ್ದ ಬೆಳ್ಳಿ ಬಟ್ಟಲು, ತವರದ ತಟ್ಟೆಗಳು, ಸಿಂಪಿ, ಮುದುಡಿದ ಬಿಳಿ ಬಟ್ಟೆ. ಊಟ ಮುಗಿಸಿ ಯಾರೋ ಈಗಷ್ಟೇ ಎದ್ದುಹೋದ ಮೇಜು. ಬಣ್ಣವೆಂದರೆ ಹೆಚ್ಚಾಗಿ ಬೂದು, ಕಂದು, ಮಾಸಿದ ಹಸಿರು, ಅಷ್ಟೇ. ಇಷ್ಟು ಜಿಪುಣತನದಲ್ಲಿ ಬೆಳ್ಳಿ ಬೆಳ್ಳಿಯಂತೆ, ತವರ ತವರದಂತೆ ಹೇಗೆ ಕಾಣುತ್ತದೆ?

ಜೂಮ್ ಮಾಡುತ್ತಾ ಹೋದೆ. ಅಲ್ಲಿ ರೂಮರ್ ಎಂಬ ದಪ್ಪ ಕಾಲಿನ ಹಸಿರು ಗಾಜಿನ ಲೋಟವಿದೆ. ಅದರ ಹೊಟ್ಟೆಯ ಮೇಲೆ ಕಿಟಕಿ! ಲೋಟದ ಉಬ್ಬಿಗೆ ತಕ್ಕಂತೆ ಬಾಗಿದ ಕಿಟಕಿ. ನಾನು ಎರಡು ರಾತ್ರಿ ಒರೆಸಿದ್ದನ್ನೇ ಈ ಮನುಷ್ಯ ಬ್ರಷ್ ಹಿಡಿದು ಬರೆದಿದ್ದಾನೆ. ಲೋಟ ದುಂಡಗಿದೆ ಅಂತ ಕಣ್ಣಿಗೆ ಹೇಳುತ್ತಿರುವುದೇ ಆ ಬಾಗು. ತಟ್ಟೆಯ ಅಂಚಿನಲ್ಲಿ ಬಿಳಿ ಗೆರೆ, ಅದಕ್ಕೆ ಅಂಟಿಕೊಂಡೇ ಕಪ್ಪು ಗೆರೆ.

ಹೊಳೆಯುವ ಲೋಹಕ್ಕೆ ಸ್ವಂತ ರೂಪ ಬಹಳ ಕಡಿಮೆ, ಎದುರಿಗಿದ್ದದ್ದನ್ನೇ ತೋರಿಸುತ್ತದೆ. ಸುತ್ತ ಎಲ್ಲವೂ ಬಿಳಿಯಾದರೆ ಅದೂ ಪೇಲವವಾಗಿ ಬಿಡುತ್ತದೆ. ನನ್ನ ಬಿಳಿ ಬಟ್ಟೆಯ ಗುಡಾರದಲ್ಲಿ ಆದದ್ದು ಇದೇ.

ಮರುದಿನ ಗುಡಾರ ಬಿಚ್ಚಿದೆ, ಪಾತ್ರೆಗಳನ್ನೆಲ್ಲ ಸೋಪು ಹಾಕಿ ತೊಳೆದೆ. ಹೇಡಾನ ಮೇಜಿನಂತೆ ಎಡಗಡೆಯಿಂದ ಒಂದೇ ಬೆಳಕು: ಮನೆಯ ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿದೆ. ಬಲಕ್ಕೆ ಥರ್ಮಾಕೋಲ್ ಹಾಳೆ. ಪಾತ್ರೆಯ ಎರಡೂ ಬದಿಗೆ, ಫ್ರೇಮಿನ ಆಚೆ, ಕಪ್ಪು ಚಾರ್ಟ್ ಪೇಪರಿನ ಪಟ್ಟಿ. ಪಟ್ಟಿ ಎರಡು ಬೆರಳು ಹತ್ತಿರ ತಂದರೆ ಚೊಂಬಿನ ಅಂಚು ಚೂಪಾಗುತ್ತದೆ, ಹೆಚ್ಚು ತಂದರೆ ಸುಟ್ಟ ಪಾತ್ರೆಯಂತೆ ಕಾಣುತ್ತದೆ. ಈ ಎರಡು ಬೆರಳಿನ ಲೆಕ್ಕ ಕಲಿಯಲು ಒಂದಿಡೀ ದಿನ ಹೋಯಿತು. ಒಂದು ಬಟ್ಟಲನ್ನು ಬೇಕೆಂದೇ ಉರುಳಿಸಿಟ್ಟೆ. ತಳದ ಕೆಲಸಗಾರಿಕೆ ಕಾಣುವುದು ಹಾಗೆ ಮಲಗಿಸಿದಾಗಲೇ. ಹೇಡಾ ಬೆಳ್ಳಿ ಬಟ್ಟಲು ಉರುಳಿಸಿದ್ದೂ ಅದಕ್ಕೇ ಇರಬೇಕು ಅಂತ ನನ್ನ ಊಹೆ.

ಈ ಸಲ ಅಜ್ಜಿ ಪರದೆಯ ಮೇಲಿನ ಲೋಟಕ್ಕೆ ಬೆರಳಿಟ್ಟು “ಇದೇನು ಕಿಟಕಿ?” ಅಂದರು. ಮಗ “ತೆಗೆಸೋಣ ಬಿಡಮ್ಮ” ಎಂದರು. “ಬೇಡ, ಇರಲಿ. ಬೆಳಗಿಟ್ಟ ಹಾಗಿದೆ,” ಎಂದರು ಅಜ್ಜಿ.

ಹೇಡಾನ ಊರಿನಲ್ಲೇ ಇದ್ದ ಇನ್ನೊಬ್ಬ ಚಿತ್ರಕಾರ ಪೀಟರ್ ಕ್ಲಾಸ್ ಇನ್ನೂ ಒಂದು ಹೆಜ್ಜೆ ಮುಂದೆ. 1628ರ ಸುಮಾರಿಗೆ ಅವನು ಬರೆದ, ಈಗ ಜರ್ಮನಿಯ ನ್ಯೂರೆಂಬರ್ಗಿನಲ್ಲಿರುವ ಚಿತ್ರದಲ್ಲಿ ಪಿಟೀಲು, ತಲೆಬುರುಡೆಗಳ ಪಕ್ಕ ಒಂದು ಗಾಜಿನ ಗೋಳವಿದೆ. ಅದರೊಳಗೆ ಚಿತ್ರ ಬರೆಯುತ್ತಾ ಕೂತ ಅವನೇ ಇದ್ದಾನೆ.

ಅಷ್ಟು ಧೈರ್ಯ ನನಗಿಲ್ಲ. ಶೂಟಿಂಗ್ ದಿನ ಕಪ್ಪು ಟೀ ಶರ್ಟ್ ಹಾಕುತ್ತೇನೆ. ಆದರೂ ಅಚ್ಚಾದ ಕ್ಯಾಟಲಾಗಿನ ಒಂದು ಸೌಟಿನ ಬೆನ್ನಿನಲ್ಲಿ, ಸಾಸಿವೆ ಕಾಳಿನಷ್ಟು, ನಾನಿದ್ದೇನೆ. ಅಂಗಡಿಯವರಿಗೆ ಇನ್ನೂ ಹೇಳಿಲ್ಲ.