"ಐದು ಲಕ್ಷ ಕ್ಯಾಶ್ ಹೇಗೆ ತಗೊಂಡು ಹೋಗೋದು, ಮೇಡಂ?"

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಅದರಲ್ಲಿ ಹತ್ತೊಂಬತ್ತು ವರ್ಷ ಕ್ಯಾಶ್ ಕೌಂಟರಿನಲ್ಲೇ ಕಳೆಯಿತು. ರಿಟೈರ್ ಆಗಿ ಮಂಡ್ಯದ ಮನೆಯಲ್ಲಿ ಕೂತರೂ ಜನ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಎಲೆಗೆ ಉಪ್ಪು ಬೀಳುವ ಮೊದಲೇ ಪಕ್ಕದವರು ಶುರು ಮಾಡುತ್ತಾರೆ. "ಮೇಡಂ, ಒಂದು ಹಳೇ ಕಾರು ನೋಡಿದ್ದೀವಿ. ಓನರ್ ಕ್ಯಾಶೇ ಬೇಕು ಅಂತಾನೆ. ಐದು ಲಕ್ಷ ಹೇಗೆ ತಗೊಂಡು ಹೋಗೋದು?" ಕಾರಿನ ಜಾಗದಲ್ಲಿ ಒಮ್ಮೊಮ್ಮೆ ಟ್ರ್ಯಾಕ್ಟರ್ ಇರುತ್ತದೆ, ಒಮ್ಮೊಮ್ಮೆ ಹಳ್ಳಿಕಾರ್ ಎತ್ತಿನ ಜೋಡಿ. ಪ್ರಶ್ನೆ ಮಾತ್ರ ಅದೇ.

ನನ್ನ ಉತ್ತರ ಕೇಳಿ ಹೆಚ್ಚಿನವರ ಮುಖ ಸಪ್ಪಗಾಗುತ್ತದೆ. ತಗೊಂಡು ಹೋಗಬೇಡಿ. ಮಾರುವವರನ್ನೇ ಬ್ಯಾಂಕಿಗೆ ಕರೆಸಿ.

ಅವರಿಗೆ ಬೇಕಾಗಿರುವುದು ಗುಟ್ಟಿನ ಜೇಬಿನ ಬ್ಯಾಗು, ಒಳಗೆ ಹೊಲಿಸಿದ ಬನಿಯನ್ನು, ಇಂಥ ಉಪಾಯ. ಇರಲಿ, ಅದನ್ನೂ ಹೇಳುತ್ತೇನೆ. ಮೊದಲು ಕಾನೂನು ಮುಗಿಸಿಬಿಡೋಣ. ಅದರಲ್ಲೇ ನಿಮ್ಮ ಅರ್ಧ ತಲೆನೋವು ಹೋಗುತ್ತದೆ.

2017ರ ಏಪ್ರಿಲ್ 1ರಿಂದ ಒಂದು ನಿಯಮ ಇದೆ. ಒಬ್ಬರಿಂದ ಒಂದೇ ದಿನದಲ್ಲಿ, ಅಥವಾ ಒಂದೇ ವ್ಯವಹಾರಕ್ಕೆ, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ದುಡ್ಡನ್ನು ಕ್ಯಾಶ್‌ನಲ್ಲಿ ಪಡೆಯುವಂತಿಲ್ಲ. ಇವತ್ತು 1 ಲಕ್ಷ 90 ಸಾವಿರ, ನಾಳೆ ಇನ್ನೊಂದಿಷ್ಟು ಅಂತ ಭಾಗ ಮಾಡಿದರೂ ವ್ಯವಹಾರ ಒಂದೇ ತಾನೇ? ತಪ್ಪು ತಪ್ಪೇ. ಇದರಲ್ಲಿ ನಿಮಗೆ ಅನುಕೂಲದ ಒಂದು ಅಂಶ ಇದೆ. ಈ ನಿಯಮದಲ್ಲಿ ದಂಡ ಬೀಳುವುದು ಕೊಟ್ಟವರಿಗಲ್ಲ, ಪಡೆದವರಿಗೆ. ಎಷ್ಟು ಪಡೆದರೋ ಅಷ್ಟೂ ದಂಡ ಬೀಳಬಹುದು. ಕ್ಯಾಶೇ ಬೇಕು ಅಂತ ಹಠ ಹಿಡಿದವರಿಗೆ ಇದನ್ನು ಮೆಲ್ಲಗೆ ಕಿವಿಗೆ ಹಾಕಿ. "ನನಗೇನೂ ಇಲ್ಲ ಸಾರ್, ನಿಮಗೇ ತೊಂದರೆ ಆಗುತ್ತೆ" ಅಂದರೆ ಸಾಕು. ಎಷ್ಟೋ ಜನ ಅಲ್ಲೇ ಮೆತ್ತಗಾಗುವುದನ್ನು ನೋಡಿದ್ದೇನೆ. ಬೆಲ್ಲ, ಭತ್ತ ಮಾರಿದ ರೈತರಿಗೂ ಈ 2 ಲಕ್ಷದ ಲೆಕ್ಕ ತಪ್ಪಿದ್ದಲ್ಲ.

ಸೈಟು, ಜಮೀನು ಆದರೆ ಇನ್ನೂ ಬಿಗಿ. 2015ರ ಜೂನ್‌ನಿಂದ 20 ಸಾವಿರ ಅಥವಾ ಅದಕ್ಕೂ ಮೇಲೆ ಮುಂಗಡವನ್ನು ಕ್ಯಾಶ್‌ನಲ್ಲಿ ತಗೊಳ್ಳುವಂತಿಲ್ಲ. ಕೊಡುವವರು, ಪಡೆಯುವವರು ಇಬ್ಬರಿಗೂ ಬೇಸಾಯದ ಆದಾಯ ಇದ್ದು, ಇಬ್ಬರೂ ತೆರಿಗೆ ವ್ಯಾಪ್ತಿಗೆ ಬರದಿದ್ದರೆ ಇದರಲ್ಲಿ ವಿನಾಯಿತಿ ಇದೆ.

ಹಾಗಾದರೆ 2 ಲಕ್ಷದ ಒಳಗಿನ ಕ್ಯಾಶ್ ಕಥೆ ಏನು? ಅದಕ್ಕೆ ನಮ್ಮಪ್ಪನ ವಿಷಯ ಹೇಳಬೇಕು.

ಅಪ್ಪ ದನದ ವ್ಯಾಪಾರ ಬಲ್ಲವರು. ಹೇಮಗಿರಿ ಜಾತ್ರೆ, ಬೇಬಿ ಬೆಟ್ಟದ ಜಾತ್ರೆ ಯಾವುದನ್ನೂ ತಪ್ಪಿಸುತ್ತಿರಲಿಲ್ಲ. ಅಲ್ಲಿ ಎತ್ತಿನ ರೇಟು ಬಾಯಲ್ಲಿ ಆಡುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವಲ್ ತೆಗೆದು ಕೈ ಮೇಲೆ ಹಾಕುತ್ತಾನೆ. ಒಳಗೆ ಬೆರಳು ಹಿಡಿದು ವ್ಯಾಪಾರ ನಡೆಯುತ್ತದೆ. ಸುತ್ತ ಐವತ್ತು ಜನ ಎತ್ತಿನ ಹಲ್ಲು ನೋಡಿಕೊಂಡು ನಿಂತಿರುತ್ತಾರೆ, ರೇಟು ಗೊತ್ತಾಗುವುದು ಮಾತ್ರ ಎರಡು ಕೈಗೆ. ಅಪ್ಪನ ದುಡ್ಡು ಪಂಚೆ ಒಳಗೆ ಸೊಂಟಕ್ಕೆ ಕಟ್ಟಿದ ಜಾಳಿಗೆಯಲ್ಲಿ ಇರುತ್ತಿತ್ತು. ಆದರೆ ಚಿಕ್ಕವಳಾಗಿದ್ದಾಗ ನಾನು ಗಮನಿಸಿದ್ದು ಜಾಳಿಗೆಯನ್ನಲ್ಲ. ಟೀಗೆ, ಮಂಡಕ್ಕಿಗೆ, ನನ್ನ ಬತ್ತಾಸಿಗೆ ಅಪ್ಪ ಶರಟಿನ ಜೇಬಿನಿಂದಲೇ ಚಿಲ್ಲರೆ ತೆಗೆಯುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಕೈ ಸೊಂಟದ ಕಡೆ ಹೋಗುತ್ತಲೇ ಇರಲಿಲ್ಲ. ಎತ್ತು ಕೊಂಡ ಮೇಲೆ ಒಂದೇ ಸಲ, ಮರದ ಹಿಂದೆ ಹೋಗಿ ಬಿಚ್ಚುತ್ತಿದ್ದರು.

ಇದರ ಮುಂದೆ ಯಾವ ಬ್ಯಾಗೂ ಇಲ್ಲ. ದುಡ್ಡು ಹೋಗುವುದು ಬ್ಯಾಗು ಹಳೇದಾಗಿದ್ದಕ್ಕಲ್ಲ, ಅದರಲ್ಲಿ ದುಡ್ಡಿದೆ ಅಂತ ಯಾರಿಗೋ ಗೊತ್ತಾಗಿದ್ದಕ್ಕೆ.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಕಳೆದುಕೊಂಡಿದ್ದೇನೆ. 2009ರಲ್ಲಿ ಒಂದು ಹಳೇ ಮಾರುತಿ 800 ಕೊಳ್ಳುವುದು ಅಂತಾಯಿತು. ರಜೆ ಹಾಕಿ, ಕೌಂಟರಿನ ಈಚೆ ಬದಿ ಗಿರಾಕಿಯಾಗಿ ನಿಂತು 1 ಲಕ್ಷ 60 ಸಾವಿರ ಡ್ರಾ ಮಾಡಿದೆ. ನಮ್ಮ ಯಜಮಾನರು ಬೆಂಚಿನ ಮೇಲೆ ಕೂತು ಕಟ್ಟುಗಳನ್ನು ಇನ್ನೊಂದು ಸಲ ಎಣಿಸಿದರು. ಎದುರು ಮೇಜಿನಲ್ಲಿ ಒಬ್ಬ ಚಲನ್ ಬರೆಯುತ್ತಿದ್ದ. ಬಹಳ ಹೊತ್ತು ಬರೆಯುತ್ತಿದ್ದ. ಅವನ ಪೆನ್ನಿನ ಕ್ಯಾಪ್ ತೆಗೆದಿರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಆ ರಾತ್ರಿ ಮಲಗಿದಾಗ.

1 ಲಕ್ಷ ಸ್ಕೂಟರಿನ ಡಿಕ್ಕಿಗೆ ಹೋಯಿತು. ಉಳಿದ 60 ಸಾವಿರ ಅಲ್ಲಿ ಹಿಡಿಯಲಿಲ್ಲ ಅಂತ ನನ್ನ ಊಟದ ಬ್ಯಾಗಿಗೆ ಬಂತು. ಕಾರಿಗೆ ಪೂಜೆ ಮಾಡಬೇಕಲ್ಲ ಅಂತ ಪೇಟೆ ಬೀದಿಯಲ್ಲಿ ಇಳಿದು ಹಾರ, ನಿಂಬೆಹಣ್ಣು ತಗೊಂಡೆವು. ಎರಡೇ ನಿಮಿಷ. ತಿರುಗಿ ನೋಡಿದರೆ ಡಿಕ್ಕಿಯ ಬಾಗಿಲು ಬಾಯಿ ಬಿಟ್ಟಿತ್ತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಕೈಯಲ್ಲಿತ್ತು, ಕಾರು ಇರಲಿಲ್ಲ. ದೂರು ಕೊಟ್ಟೆವು, ದುಡ್ಡು ಬರಲಿಲ್ಲ. ಆ ನಿಂಬೆಹಣ್ಣಿನಲ್ಲಿ ಮಾರನೆಯ ದಿನ ಚಿತ್ರಾನ್ನ ಮಾಡಿದೆ. ಯಾರೂ ಮಾತಾಡದೆ ತಿಂದರು.

ಆಮೇಲೆ ಕಲಿತ ಬುದ್ಧಿ ಇಷ್ಟು. ಎಣಿಸುವುದು ಕೌಂಟರಿನಲ್ಲೇ ಮುಗಿಯಬೇಕು, ಮೆಷಿನ್ ಇದೆ, ಇನ್ನೊಂದು ಸಲ ಹಾಕಿ ಅಂತ ಕೇಳಿ. ಬೆಂಚಿನ ಮೇಲೆ ಬೇಡ. ದೊಡ್ಡ ಮೊತ್ತ ಬೇಕಾದರೆ ಹಿಂದಿನ ದಿನವೇ ಬ್ರಾಂಚಿಗೆ ಹೇಳಿಡಿ. ಇಲ್ಲದಿದ್ದರೆ 100ರ ಕಟ್ಟುಗಳನ್ನು ಕೊಟ್ಟು ಮೂಟೆ ಹೊರಿಸುತ್ತಾರೆ. 500ರ ಒಂದು ಕಟ್ಟು ಅಂದರೆ 100 ನೋಟು, 50 ಸಾವಿರ. 2 ಲಕ್ಷ ನಾಲ್ಕು ಕಟ್ಟು, ಒಂದು ಟಿಫನ್ ಡಬ್ಬಿಯಲ್ಲಿ ಕೂರುತ್ತದೆ. ಐದು ಲಕ್ಷವಾದರೂ ಒಂದು ಕೆಜಿ ಬೆಲ್ಲಕ್ಕಿಂತ ಸ್ವಲ್ಪ ಜಾಸ್ತಿ ತೂಕ, ಅಷ್ಟೇ. ಅದಕ್ಕೆ ಹೊಸ ಲ್ಯಾಪ್‌ಟಾಪ್ ಬ್ಯಾಗು ಯಾಕೆ ಬೇಕು? ತರಕಾರಿ ಚೀಲ ಸಾಕು, ಮೇಲೆ ಎರಡು ಕಟ್ಟು ಸೊಪ್ಪು. ಬ್ಯಾಂಕಿನಿಂದ ನೇರ ಹೋಗಬೇಕು. ದಾರಿಯಲ್ಲಿ ಹಾರ ಬೇಡ, ಕಾಫಿ ಬೇಡ, ಮದ್ದೂರು ವಡೆಯೂ ಬೇಡ. ಡಿಕ್ಕಿಯನ್ನಂತೂ ನಂಬಲೇಬೇಡಿ, ಒಂದು ಸ್ಕ್ರೂಡ್ರೈವರ್ ಸಾಕು ಅದಕ್ಕೆ. "ನಿಮ್ಮ ದುಡ್ಡು ಕೆಳಗೆ ಬಿದ್ದಿದೆ", "ಶರಟಿನ ಮೇಲೆ ಏನೋ ಗಲೀಜು", "ಟೈರ್ ಪಂಚರ್ ಆಗಿದೆ" ಅಂತ ಯಾರಾದರೂ ಹೇಳಿದರೆ ಬಗ್ಗಬೇಡಿ, ಇಳಿಯಬೇಡಿ. ಪಂಚರ್ ಟೈರಿನಲ್ಲೇ ಪೆಟ್ರೋಲ್ ಬಂಕಿನವರೆಗೆ ಹೋಗಿ. ಟ್ಯೂಬು ಹಾಳಾದರೆ ಹೊಸದು ಸಿಗುತ್ತದೆ.

ಜೊತೆಗೆ ಒಬ್ಬರು ಇರಲಿ. ಒಬ್ಬರೇ! ನಾಲ್ಕು ಜನ ಬಂದರೆ ನಾಲ್ಕು ಮನೆಗೆ ಸುದ್ದಿ. ನಮ್ಮ ಕಡೆ ಒಂದು ಕೆಟ್ಟ ಅಭ್ಯಾಸ, ಗಾಡಿ ಮನೆಗೆ ಬರುವ ಮೊದಲೇ ಊರಿಗೆಲ್ಲ ರೇಟು ಹೇಳಿ ಆಗಿರುತ್ತದೆ. ಬಸ್ಸಿನಲ್ಲಿ ಫೋನ್ ಹಿಡಿದು "ದುಡ್ಡು ತಂದಿದ್ದೀನಿ ಕಣಣ್ಣ, ಅರ್ಧ ಗಂಟೆಲಿ ಬರ್ತೀನಿ" ಅಂತ ಕೂಗುವವರನ್ನು ನೋಡಿದರೆ ನನಗೇ ಎದೆ ಹೊಡೆದುಕೊಳ್ಳುತ್ತದೆ.

ಚುನಾವಣೆ ಸಮಯದಲ್ಲಿ ಕಳ್ಳರಿಗಿಂತ ಚೆಕ್‌ಪೋಸ್ಟ್ ಚಿಂತೆ. ನೀತಿ ಸಂಹಿತೆ ಇದ್ದಾಗ 50 ಸಾವಿರಕ್ಕಿಂತ ಜಾಸ್ತಿ ಕ್ಯಾಶ್‌ಗೆ ದಾಖಲೆ ಇಲ್ಲದಿದ್ದರೆ ಹಿಡಿದಿಟ್ಟುಕೊಳ್ಳಬಹುದು. ಡ್ರಾ ಮಾಡಿದ ಎಂಟ್ರಿ ಇರುವ ಪಾಸ್‌ಬುಕ್, ಕೊಳ್ಳುವ ವಸ್ತುವಿನ ಕರಾರು ಜೊತೆಗಿರಲಿ. ನೀವೇ ಮಾರುವವರಾಗಿ ಕ್ಯಾಶ್ ಪಡೆಯುತ್ತಿದ್ದರೆ 500ರ ನೋಟನ್ನು ಓರೆ ಮಾಡಿ ನೋಡಿ. ಒಳಗಿನ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು. ಅಂಚಿನಲ್ಲಿ ಐದು ಓರೆ ಗೀರು ಬೆರಳಿಗೆ ತಾಕಬೇಕು.

ಈಗ ನನ್ನ ಮೊದಲ ಉತ್ತರಕ್ಕೆ ಬರುತ್ತೇನೆ. ಹೋದ ವರ್ಷ ನಮ್ಮಣ್ಣನ ಮಗ ಪಾಂಡವಪುರದ ಕಡೆ ಒಂದು ಟ್ರ್ಯಾಕ್ಟರ್ ನೋಡಿದ. 4 ಲಕ್ಷ 20 ಸಾವಿರಕ್ಕೆ ಮಾತಾಯಿತು. ಮಾರುವ ಯಜಮಾನರಿಗೆ ಎಪ್ಪತ್ತು ದಾಟಿದೆ. "ಫೋನಲ್ಲಿ ಕಾಸು ಬತ್ತದೆ ಅಂತಾರೆ, ನಂಗೆ ಕಣ್ಗೆ ಕಾಣ್ಬೇಕು ಕಣವ್ವ" ಅಂದರು. ಅವರದೇನೂ ತಪ್ಪಿಲ್ಲ. ದುಡ್ಡು ಹಾಕಿದ್ದೀವಿ ಅಂತ ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಗಾಡಿ ಹೊಡೆದುಕೊಂಡು ಹೋಗುವವರು ಇದ್ದಾರೆ.

"ಅತ್ತೆ, ಏನು ಮಾಡೋದು?" ಅಂದ ಹುಡುಗ. ಅವರದೇ ಬ್ಯಾಂಕಿಗೆ ಹೋಗೋಣ ಅಂದೆ. ಹಿಂದಿನ ದಿನವೇ ಅವರ ಖಾತೆ ನಂಬರ್ ಸೇರಿಸಿ, ಒಂದು ರೂಪಾಯಿ ಕಳಿಸಿ, ಸರಿಯಾದ ಹೆಸರಿಗೆ ಹೋಯಿತಾ ಅಂತ ನೋಡಿಕೊಂಡಿದ್ದೆವು. 2 ಲಕ್ಷ ಮತ್ತು ಅದರ ಮೇಲಿನ ಮೊತ್ತವಾದರೆ ಆರ್‌ಟಿಜಿಎಸ್, ಅಂದರೆ ದೊಡ್ಡ ಮೊತ್ತವನ್ನು ಖಾತೆಯಿಂದ ಖಾತೆಗೆ ನೇರ ಕಳಿಸುವ ವ್ಯವಸ್ಥೆ. 2020ರ ಡಿಸೆಂಬರ್‌ನಿಂದ ಅದು ಹಗಲು ರಾತ್ರಿ ನಡೆಯುತ್ತದೆ. ಅವರ ಬ್ರಾಂಚಿನಲ್ಲೇ ಕೂತು ಕಳಿಸಿದೆವು. ಸ್ವಲ್ಪ ಹೊತ್ತಿಗೆ ಮೆಸೇಜ್ ಬಂತು. ಅವರು ಅದನ್ನು ನೋಡಲೂ ಇಲ್ಲ. ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡು, ಕನ್ನಡಕ ಏರಿಸಿ, ಉಗುರಿನಲ್ಲಿ ಸೊನ್ನೆ ಒಂದೊಂದಾಗಿ ಎಣಿಸಿದರು. ಎರಡು ಸಲ ಎಣಿಸಿದರು. ಆಮೇಲೆ ಗಾಡಿಯನ್ನು ಹುಡುಗನ ಹೆಸರಿಗೆ ಮಾಡುವ ಫಾರಂ 29, 30ಕ್ಕೆ ಸಹಿ ಹಾಕಿ ಕೀ ಕೊಟ್ಟರು.

ಹೊರಗೆ ಬಂದ ಮೇಲೆ ಯಜಮಾನರು ಅಲ್ಲೇ ನಿಂತರು. ಕೀ ಕೊಟ್ಟ ಕೈ ಬರಿದಾಗಬಾರದಂತೆ. ಹುಡುಗ ಓಡಿ ಹೋಗಿ ಎಲೆ ಅಡಿಕೆ ತಂದ. ಅದರ ಮೇಲೆ ಎರಡು ಐನೂರರ ನೋಟು ಇಟ್ಟ. ಇನ್ನೊಂದು ರೂಪಾಯಿ ಬೇಕು, ಸಾವಿರದ ಒಂದು ಆಗಬೇಕಲ್ಲ. ಅವನ ಜೇಬಿನಲ್ಲಿ ಫೋನ್ ಬಿಟ್ಟರೆ ಏನೂ ಇಲ್ಲ. ನನ್ನ ಪರ್ಸಿನ ತಳದಲ್ಲಿ, ಸೇಫ್ಟಿ ಪಿನ್ನುಗಳ ಮಧ್ಯೆ, ಒಂದು ನಾಣ್ಯ ಸಿಕ್ಕಿತು.